ನಿಂಬೆಬಣ್ಣದ ಪುಡಿಗೆ ಬೇಕಾದ ಜಗಳ

ಆ ಪ್ರಯೋಗಾಲಯದಲ್ಲಿ ಯಾರು ಯಾವ ಪುಡಿಯ ಬೆನ್ನು ಹತ್ತಿದ್ದಾರೋ ಅದೇ ಅವರ ಹೆಸರಾಗಿಬಿಡುತ್ತಿತ್ತು. ಟೈಟಾನಿಯಂ ಆಕ್ಸೈಡ್ ಅರೆಯುವವನು ಬಿಳಿಪುಡಿ. ಕ್ಯಾಡ್ಮಿಯಂ ಸಲ್ಫೈಡಿನ ಜೊತೆ ಏಗುವವಳು ಹಳದಿ. ಇಬ್ಬರ ಮೇಲಿದ್ದ ಪ್ರೊಫೆಸರಮ್ಮ ಪುಡಿ ಮುಟ್ಟುವುದನ್ನು ಬಿಟ್ಟು ಬಹಳ ವರ್ಷವಾಗಿದ್ದರಿಂದ ಅವರಿಗೆ ಅವರ ಮಾತೇ ಹೆಸರಾಗಿತ್ತು. ಯಾರು ಎಂಥ ಫಲಿತಾಂಶ ತಂದು ತೋರಿಸಿದರೂ ಅವರು ಕನ್ನಡಕವನ್ನು ಹಣೆಗೇರಿಸಿ, "ಚೆನ್ನಾಗಿದೆ, ಇನ್ನೊಮ್ಮೆ ಮಾಡು" ಎನ್ನುತ್ತಿದ್ದರು. ಬೆನ್ನ ಹಿಂದೆ ಎಲ್ಲರಿಗೂ ಅವರು ಇನ್ನೊಮ್ಮೆ ಮೇಡಂ.

ಹಳದಿಯ ಕೆಲಸವನ್ನು ಬಾಯಲ್ಲಿ ಹೇಳುವುದು ಸುಲಭ. ಕ್ಯಾಡ್ಮಿಯಂ ಸಲ್ಫೈಡ್ ಎಂಬ ಅರೆವಾಹಕದ ಕಣಗಳನ್ನು ನೀರಿನಲ್ಲಿ ತೇಲಿಬಿಟ್ಟು, ಒಂದಿಷ್ಟು ಲ್ಯಾಕ್ಟಿಕ್ ಆಮ್ಲ ಬೆರೆಸಿ, ಮೇಲೆ ಬೆಳಕು ಚೆಲ್ಲಿದರೆ ಹೈಡ್ರೋಜನ್ ಗುಳ್ಳೆ ಏಳುತ್ತದೆ. ಆದರೆ ಈ ಕಣಗಳಿಗೆ ಎರಡು ಕೆಟ್ಟ ಚಾಳಿ. ಕಣ್ಣು ತಪ್ಪಿದರೆ ಸಾಕು, ಒಂದಕ್ಕೊಂದು ಅಂಟಿಕೊಂಡು ದಪ್ಪ ಉಂಡೆಯಾಗಿ ಕೆಲಸ ಮರೆತು ಕೂರುತ್ತವೆ. ಅದೂ ಸಾಲದು ಎಂಬಂತೆ, ಬೆಳಕು ಬಿದ್ದಾಗ ನೀರನ್ನು ಒಡೆಯುವುದು ಬಿಟ್ಟು ತಮ್ಮನ್ನು ತಾವೇ ತಿಂದುಕೊಳ್ಳುತ್ತವೆ. ಅದಕ್ಕೇ ಅವನ್ನು ಸಿಲಿಕಾದ ಒಳಗೆ ಕೂರಿಸಬೇಕು. ಸಿಲಿಕಾ ಎಂದರೆ ಗಾಜಿನ ದಾಯಾದಿ. ಜೆಲ್ಲಾಗಿ ಹೆಪ್ಪುಗಟ್ಟಿದಾಗ ಅದರ ತುಂಬ ಕಣ್ಣಿಗೆ ಕಾಣದ ಗೂಡುಗಳು. ಅದರ ದ್ರಾವಣಕ್ಕೆ ಮೊದಲು ಕ್ಯಾಡ್ಮಿಯಂ ಲವಣ ಹಾಕಿ ಕೊನೆಗೆ ಸಲ್ಫೈಡ್ ಹನಿಸಿದರೆ, ಎರಡೂ ಕೂಡಿದ ಕಡೆ ಕಣ ಹುಟ್ಟುತ್ತದೆ. ಒಂದೊಂದು ಗೂಡಿಗೆ ಒಂದೊಂದು ಕಣ ಹೊಕ್ಕರೆ ಅಕ್ಕಪಕ್ಕದವರ ಸಹವಾಸವಿಲ್ಲ, ಮೈ ಬೆಳೆಸಲು ಜಾಗವಿಲ್ಲ, ಕೆಲಸ ಮಾಡದೆ ಗತಿಯಿಲ್ಲ. ಹಾಸ್ಟೆಲ್ ವಾರ್ಡನ್ನರಿಗೆ ಈ ತತ್ವ ಬಹಳ ಹಿಂದೆಯೇ ಗೊತ್ತಿತ್ತು.

ಇದರಲ್ಲಿ ಒಂದು ಅನುಕೂಲವೆಂದರೆ ತಪ್ಪು ಆದ ತಕ್ಷಣ ಕಣ್ಣಿಗೆ ರಾಚುತ್ತದೆ. ಕಣ ಚಿಕ್ಕದಾದಷ್ಟೂ ಬಣ್ಣ ತಿಳಿ. ಜೆಲ್ ನಿಂಬೆಹಣ್ಣಿನ ಬಣ್ಣಕ್ಕೆ ತಿರುಗಿದರೆ ಗೆದ್ದ ಹಾಗೆ. ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಮನೆಗೆ ಹೋಗಿ ಮಲಗಬಹುದು.

ನಿಂಬೆ ಒಂದೇ ಒಂದು ಸಲ ಬಂದಿತ್ತು. ಆ ಪುಡಿಯನ್ನು ಒಣಗಿಸಿ, ತೊಳೆದು, ದೀಪದ ಮುಂದೆ ಇಟ್ಟಾಗ ಬೋರಲು ಹಾಕಿದ ನಳಿಗೆಯಲ್ಲಿ ಗುಳ್ಳೆಗಳು ವಾರಗಟ್ಟಲೆ ದಣಿಯದೆ ಏರಿದ್ದವು. ಮೆಟ್ಟಿಲನ್ನು ಹಾರಿಕೊಂಡು ಹಳದಿ ಹೋಗಿ ಮೇಡಂಗೆ ಹೇಳಿದಳು. ಅವರು ಕನ್ನಡಕವನ್ನು ಹಣೆಗೇರಿಸಿದರು.

ಅವಳು ಇನ್ನೊಮ್ಮೆ ಮಾಡಿದಳು. ಕಿತ್ತಳೆ. ಅದೇ ಬಾಟಲಿ, ಅದೇ ತೂಕ, ಅದೇ ಬೀಕರು, ಮತ್ತೆ ಕಿತ್ತಳೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಎರಡು ತಿಂಗಳು ಹೋದವು. ಕೊನೆಗೆ ಮೇಡಂ ಅವಳ ಬೆಂಚಿನ ಪಕ್ಕದ ಸ್ಟೂಲಿನ ಮೇಲೆ ಬಂದು ಕೂತರು. ಅವರು ಸ್ಟೂಲಿನ ಮೇಲೆ ಕೂತರೆ ಒಳ್ಳೆಯ ಸುದ್ದಿ ಇರುವುದಿಲ್ಲವೆಂದು ಇಡೀ ಮಹಡಿಗೆ ಗೊತ್ತು.

"ಒಂದೇ ಸಲ ಬಂದಿದ್ದು ಫಲಿತಾಂಶ ಅಲ್ಲಮ್ಮ, ನೆಂಟ. ಬಂತು, ಹೋಯ್ತು," ಎಂದರು. "ಈ ತಿಂಗಳ ಕೊನೆ ಒಳಗೆ ಮತ್ತೆ ಬರದಿದ್ರೆ ದೀಪ ಇವನಿಗೆ. ನೀನೂ ಇವನ ಜೊತೆ ಟೈಟಾನಿಯಂ ಅರೆಯೋಕೆ ಸೇರ್ಕೋ."

ಇವನು ಎಂದರೆ ಬಿಳಿಪುಡಿ. ಅವನು ಪಾಪ, ಕೇಳಿಸದವನಂತೆ ಸಿಂಕಿನಲ್ಲಿ ತೊಳೆದ ಬೀಕರನ್ನೇ ಮತ್ತೆ ತೊಳೆದ. ಇಡೀ ಮಹಡಿಗೆ ಸೂರ್ಯನ ಬೆಳಕಿನಂಥ ಬೆಳಕು ಕೊಡುವ ದೀಪ ಅದೊಂದೇ. ದೀಪವಿಲ್ಲದಿದ್ದರೆ ಹಳದಿಯ ನಾಲ್ಕು ವರ್ಷದ ಕೆಲಸ ಬರೀ ಬಣ್ಣದ ಪುಡಿ, ಗೋಡೆಗೆ ಬಳಿಯಲಿಕ್ಕೂ ಸಾಲದಷ್ಟು.

"ಅವತ್ತು ಏನು ಬೇರೆ ಇತ್ತು, ಯೋಚನೆ ಮಾಡು," ಎಂದರು ಮೇಡಂ.

ಮೂವರೂ ಯೋಚಿಸಿದರು. ನೀರು ಅದೇ. ಮಳೆ, ಬಿಸಿಲು, ಕಿಟಕಿಯ ಪರದೆ, ಕೈಗವಸಿನ ಕಂಪನಿ, ಎಲ್ಲವನ್ನೂ ಪ್ರಯತ್ನಿಸಿ ಆಗಿತ್ತು. ಹಳದಿ ಅವತ್ತು ಉಟ್ಟ ಬಟ್ಟೆಯನ್ನೇ ಉಟ್ಟುಕೊಂಡು ಬಂದು ಒಂದು ಸಲ ಮಾಡಿದ್ದಳು. ಅದನ್ನು ಯಾರಿಗೂ ಹೇಳಿರಲಿಲ್ಲ.

ಬಿಳಿಪುಡಿ ಬೀಕರನ್ನು ಬೋರಲು ಹಾಕುತ್ತ, "ಅವತ್ತು ಅಕ್ಕ ಫೋನಲ್ಲಿ ಭಾವನ ಜೊತೆ ಜಗಳ ಆಡ್ತಿದ್ರು," ಎಂದ.

"ಅದಕ್ಕೂ ಇದಕ್ಕೂ ಏನೋ ಸಂಬಂಧ?" ಎಂದಳು ಹಳದಿ. "ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ."

"ಇರಲಿ," ಎಂದರು ಮೇಡಂ. ಅವರ ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ. "ಕಾಗೆ ಎಷ್ಟು ತೂಕ ಇತ್ತು ಅಂತ ನೋಡದೆ ಹಾಗೆ ಹೇಳೋಕಾಗಲ್ಲ. ಜಗಳ ಎಷ್ಟು ಹೊತ್ತು ನಡೀತು?"

"ಐದು ನಿಮಿಷ ಇರಬಹುದು ಮೇಡಂ. ನಾನು ಕೋಪ ಇಟ್ಕೊಳ್ಳೋಳಲ್ಲ. ಫೋನ್ ಇಟ್ಟೆ, ಎರಡು ನಿಮಿಷಕ್ಕೆ ಮನಸ್ಸು ತಡೀಲಿಲ್ಲ, ನಾನೇ ಮತ್ತೆ ಮಾಡ್ದೆ, ರಾಜಿ ಆಯ್ತು, ಬಂದು ಸಲ್ಫೈಡ್ ಹಾಕ್ದೆ."

"ಹಾಗಾದ್ರೆ ಜಗಳವನ್ನೂ ಸೇರಿಸಿ ಮಾಡು."

ಹಳದಿಯ ಗಂಡ ಹಲ್ಲಿನ ಡಾಕ್ಟರು. ಬೆಳಗಿನಿಂದ ಸಂಜೆಯವರೆಗೆ ಬಾಯಿ ತೆರೆದುಕೊಂಡು ಮಲಗಿದವರನ್ನೇ ಪ್ರಶ್ನೆ ಕೇಳುವ ಕೆಲಸವಾದ್ದರಿಂದ ಎದುರುತ್ತರ ಕೇಳಿ ಅಭ್ಯಾಸವಿಲ್ಲದ ಮನುಷ್ಯ. ಮನೆಯಲ್ಲಿ ಹೆಂಡತಿ ಉತ್ತರ ಕೊಟ್ಟಾಗಲೆಲ್ಲ ಅವರಿಗೆ ಸಣ್ಣ ಆಶ್ಚರ್ಯವಾಗುತ್ತಿತ್ತು. ಅಂದಿನ ಜಗಳಕ್ಕೆ ಮೂಲ ಅವರೇ. ತಮ್ಮ ಅಕ್ಕನ ಹತ್ತಿರ ಹೆಮ್ಮೆಯಿಂದ "ನನ್ನ ಹೆಂಡತಿ ನೀರಿಂದ ಗ್ಯಾಸ್ ಮಾಡ್ತಾಳೆ" ಎಂದು ಹೇಳಿಬಿಟ್ಟಿದ್ದರು. ಆ ಅತ್ತಿಗೆ ಹಳದಿಗೆ ಫೋನ್ ಮಾಡಿ, ಒಲೆಗೆ ಒಂದು ಸಿಲಿಂಡರ್ ಯಾವಾಗ ಕಳಿಸ್ತೀಯ ಎಂದು ಕೇಳಿದ್ದರು. ನಾಲ್ಕು ವರ್ಷದಲ್ಲಿ ತಾನು ಮಾಡಿದ ಗ್ಯಾಸನ್ನೆಲ್ಲ ಒಟ್ಟು ಸೇರಿಸಿದರೂ ಒಂದು ಚಮಚ ಹಾಲು ಉಕ್ಕುವುದಿಲ್ಲವೆಂದು ಅತ್ತಿಗೆಗೆ ಒಪ್ಪಿಸಬೇಕಾಗಿ ಬಂದದ್ದೇ ಹಳದಿಯ ಕೋಪಕ್ಕೆ ಕಾರಣ.

ಆ ಸಂಜೆ ಊಟಕ್ಕೆ ಕೂತಾಗ ಅವಳು ವಿಷಯ ಎತ್ತಿದಳು. "ರೀ, ನಾಳೆ ಹನ್ನೊಂದಕ್ಕೆ ಒಂಚೂರು ಜಗಳ ಆಡ್ತೀರಾ?"

"ಯಾಕೆ, ನಾನೇನು ಮಾಡ್ದೆ?"

"ಏನೂ ಮಾಡಿಲ್ಲ. ಪ್ರಯೋಗಕ್ಕೆ."

ಡಾಕ್ಟರು ಚಮಚ ಕೆಳಗಿಟ್ಟರು. "ಹನ್ನೊಂದಕ್ಕೆ ಒಬ್ಬರಿಗೆ ದವಡೆಹಲ್ಲು ಇದೆ. ಹನ್ನೊಂದೂವರೆ ಆದ್ರೆ ಆಡ್ತೀನಿ."

"ಹನ್ನೊಂದೇ ಆಗಬೇಕು. ಅವತ್ತು ಹನ್ನೊಂದಕ್ಕೇ ಆಡಿದ್ದು."

"ಸರಿ. ವಿಷಯ?"

"ಅದೇ, ಅತ್ತಿಗೆ ಸಿಲಿಂಡರ್."

"ಅದು ಮುಗಿದು ಹೋಯ್ತಲ್ಲೇ. ಅದರಲ್ಲಿ ನಂದೇ ತಪ್ಪು ಅಂತ ಒಪ್ಕೊಂಡಿದೀನಿ."

"ಒಪ್ಕೋಬಾರದಿತ್ತು," ಎಂದಳು ಹಳದಿ, ನಿಜವಾದ ಬೇಸರದಿಂದ.

ಮರುದಿನ ಹನ್ನೊಂದಕ್ಕೆ ಪ್ರಯೋಗಾಲಯದ ಗೋಡೆಯ ಫೋನು ಬಡಿದುಕೊಂಡಿತು. ಹೈಡ್ರೋಜನ್ ಇರುವ ಕಡೆ ಮೊಬೈಲ್ ಬೇಡವೆಂದು ಬಾಗಿಲಲ್ಲೇ ಪೆಟ್ಟಿಗೆಗೆ ಹಾಕಿಸುತ್ತಿದ್ದರಿಂದ ಎಲ್ಲರ ಸಂಸಾರವೂ ಆ ಒಂದು ಫೋನಿನಲ್ಲೇ ನಡೆಯಬೇಕಿತ್ತು. ಹಳದಿ ಆಗಷ್ಟೇ ಸಿಲಿಕಾದ ದ್ರಾವಣಕ್ಕೆ ಕ್ಯಾಡ್ಮಿಯಂ ಲವಣ ಹಾಕಿ, ಅದನ್ನು ಕಲಕುವ ಸ್ಟಿರರಿನ ಮೇಲೆ ಇಟ್ಟಿದ್ದಳು. ಅದು ಗರಗರ ತಿರುಗುತ್ತಿತ್ತು. ಮೇಡಂ ಬಾಗಿಲಲ್ಲಿ ನಿಂತು ಗಡಿಯಾರ ನೋಡುತ್ತಿದ್ದರು.

"ಶುರು ಮಾಡ್ಲಾ?" ಎಂದರು ಡಾಕ್ಟರು ಆ ಕಡೆಯಿಂದ.

"ನಾನು ಮೊದಲು. ಏನ್ರೀ, ನಿಮಗೆ ನಾಲಿಗೆ ಮೇಲೆ ಹಿಡಿತ ಬೇಡ್ವಾ? ನಿಮ್ಮಕ್ಕನ ಹತ್ರ ಏನಂದ್ರಿ?"

"ನಾನು... ತಡಿ. ಸ್ವಲ್ಪ ಅಗಲ ತೆರೀರಿ. ನಿನಗಲ್ಲ ಕಣೇ, ಇವರಿಗೆ. ಹಾಂ. ನಾನು ನನಗೆ ಬೇಕಾದ್ದು ಹೇಳ್ತೀನಿ, ಕೇಳೋಕೆ ನೀನ್ಯಾರು?"

"ಆಂ, ಆಂ," ಎಂದಿತು ದವಡೆಹಲ್ಲು.

"ಇವರು ನಿನ್ನ ಕಡೆ ಅಂತೆ," ಎಂದರು ಡಾಕ್ಟರು. ಹಳದಿಗೆ ನಗು ತಡೆಯಲಿಲ್ಲ. ಕುರ್ಚಿಯ ಮೇಲಿದ್ದವರೂ ನಕ್ಕರೆಂದು ಕಾಣುತ್ತದೆ, ಏನೋ ಉಪಕರಣ ತಟ್ಟೆಯ ಮೇಲೆ ಬಿದ್ದ ಸದ್ದಾಯಿತು. ಅವಳು ಫೋನಿಟ್ಟು ಬಂದು ಡ್ರಾಪರಿನಿಂದ ಸಲ್ಫೈಡ್ ಹನಿಸಿದಳು.

ಕಿತ್ತಳೆ. ಹಿಂದೆ ಬಂದ ಎಲ್ಲಕ್ಕಿಂತ ಕೆಂಪಾದ ಕಿತ್ತಳೆ.

"ಜಗಳ ಶುದ್ಧ ಇರಲಿಲ್ಲ," ಎಂದರು ಮೇಡಂ. "ಅರ್ಧಕ್ಕರ್ಧ ನಗು ಕಲಬೆರಕೆ ಆಗಿತ್ತು. ಅವರನ್ನ ಇಲ್ಲಿಗೇ ಕರೆಸು."

ತಿಂಗಳ ಕೊನೆಯ ಹಿಂದಿನ ದಿನ ಡಾಕ್ಟರು ಕ್ಲಿನಿಕ್ಕಿನ ಬಾಗಿಲಿಗೆ ರಜೆಯ ಫಲಕ ತಗುಲಿಸಿ ಬಂದರು. ಮದುವೆಮನೆಗೆ ಬಂದವರಂತೆ ಇಸ್ತ್ರಿ ಮಾಡಿದ ಅಂಗಿ, ಪಾಲಿಶ್ ಹಾಕಿದ ಬೂಟು. ಮೇಡಂ ಅವರಿಗೆ ರಕ್ಷಣೆಯ ಕನ್ನಡಕ ಹಾಕಿಸಿ, ಬಿಳಿ ಕೋಟು ತೊಡಿಸಿ, ಬೆಂಚಿನಿಂದ ದೂರ ನಿಲ್ಲುವ ಜಾಗಕ್ಕೆ ಟೇಪು ಅಂಟಿಸಿದರು. "ಎಷ್ಟು ಕೋಪ ಬಂದ್ರೂ ಈ ಗೆರೆ ದಾಟಬೇಡಿ ಡಾಕ್ಟ್ರೇ, ಆಮ್ಲ ಇದೆ."

ಬಾಟಲಿಯನ್ನು ಹಳದಿ ಅಲುಗಾಡಿಸಿ ನೋಡಿದಳು. ಸಿಲಿಕಾಕ್ಕೆ ಬೇಕಾದ ದ್ರವ ತಳದಲ್ಲಿ ಎರಡೇ ಸಲಕ್ಕಾಗುವಷ್ಟು ಉಳಿದಿತ್ತು. ಹೊಸದು ಬರುವುದು ಮುಂದಿನ ತಿಂಗಳು. ಅಷ್ಟೊತ್ತಿಗೆ ದೀಪ ಬೇರೆಯವರ ಬೆಂಚಿನಲ್ಲಿರುತ್ತದೆ. ಅವಳು ಅದರಲ್ಲಿ ಅರ್ಧ ಅಳೆದು ಬೀಕರಿಗೆ ಸುರಿದು, ಲವಣ ಹಾಕಿ, ಸ್ಟಿರರ್ ಹಚ್ಚಿದಳು.

"ನಿಮಗೆ ನಾಲಿಗೆ ಮೇಲೆ ಹಿಡಿತ ಬೇಡ್ವಾ?" ಎಂದಳು.

ಡಾಕ್ಟರು ಅವಳನ್ನೇ ನೋಡಿದರು. "ಈ ಕನ್ನಡಕದಲ್ಲಿ ನೀನು ಚೆನ್ನಾಗಿ ಕಾಣ್ತೀಯ."

"ರೀ."

"ಕ್ಷಮಿಸು. ಮುಂದಿಂದು ಮರೆತುಹೋಯ್ತು."

"ಕೇಳೋಕೆ ನೀನ್ಯಾರು," ಎಂದು ಬಿಳಿಪುಡಿ ಹಿಂದಿನಿಂದ ಪಿಸುಗುಟ್ಟಿದ. ಅವನು ಇಡೀ ಜಗಳವನ್ನು ನೆನಪಿನಿಂದ ಒಪ್ಪಿಸಬಲ್ಲವನಾಗಿದ್ದ.

"ಕೇಳೋಕೆ ನೀನ್ಯಾರು," ಎಂದರು ಡಾಕ್ಟರು, ಹಲ್ಲುಜ್ಜುವ ಕ್ರಮ ಹೇಳಿಕೊಡುವ ದನಿಯಲ್ಲಿ.

ಮೇಡಂ ನಿಟ್ಟುಸಿರು ಬಿಟ್ಟರು. "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರೆ. ನಿಮ್ಮದು ಉಣ್ಣೋ ತನಕವೂ ಬರೋ ಹಾಗೆ ಕಾಣಲ್ಲ. ಮುಂದೆ ಏನಿದೆ?"

"ಆಮೇಲೆ ಅಕ್ಕ ಫೋನ್ ಇಟ್ರು," ಎಂದು ಬಿಳಿಪುಡಿ ವರದಿ ಒಪ್ಪಿಸಿದ. "ನಾನು ಕಾಫಿಗೆ ಹೋದೆ. ಎರಡು ನಿಮಿಷ ಬಿಟ್ಟು ಅಕ್ಕನೇ ವಾಪಸ್ ಮಾಡಿ ರಾಜಿ ಮಾಡ್ಕೊಂಡ್ರಂತೆ."

ಡಾಕ್ಟರು ಕನ್ನಡಕ ತೆಗೆದರು. "ಯಾರು ವಾಪಸ್ ಮಾಡಿದ್ದು?"

"ನಾನು," ಎಂದಳು ಹಳದಿ.

"ನೀನಾ?"

"ಮತ್ತಿನ್ಯಾರು? ಯಾವ ಜಗಳದಲ್ಲಿ ನೀವು ಮೊದಲು ಮಾತಾಡಿಸಿದೀರಿ?"

"ಎಲ್ಲ ಜಗಳದಲ್ಲೂ ನಾನೇ ಮಾತಾಡಿಸಿರೋದು. ಲೆಕ್ಕ ಇಡಬಾರದು ಅಂತ ಸುಮ್ಮನಿದೀನಿ."

"ನೀವಾ? ಮುಖ ಸೊಟ್ಟ ಮಾಡ್ಕೊಂಡು ಎರಡು ದಿನ ಪೇಪರ್ ಹಿಂದೆ ಕೂರೋರು ನೀವು. ನನ್ನ ಕೋಪ ಉಕ್ಕಿದಷ್ಟೇ ಬೇಗ ಇಳಿಯುತ್ತೆ ಅಂತ ಎಲ್ಲರಿಗೂ ಗೊತ್ತು."

"ಎಲ್ಲರಿಗೂ ನೀನೇ ಹೇಳಿರೋದು."

ಹಳದಿ ಕೈ ಚಾಚಿ ಸ್ಟಿರರಿನ ಗುಂಡಿ ಆರಿಸಿದಳು. "ಇದರ ಗರಗರದಲ್ಲಿ ನೀವಂದಿದ್ದು ನೆಟ್ಟಗೆ ಕೇಳಿಸ್ಲಿಲ್ಲ. ಇನ್ನೊಂದು ಸಲ ಹೇಳಿ, ಧೈರ್ಯ ಇದ್ರೆ."

ಬಿಳಿಪುಡಿ ಮೇಡಂ ಕಿವಿಯ ಹತ್ತಿರ ಬಗ್ಗಿದ. "ಮೇಡಂ, ಇದು ಅಸಲಿ."

ಮೇಡಂ ಸುಮ್ಮನಿರುವಂತೆ ಕೈಸನ್ನೆ ಮಾಡಿದರು.

ಡಾಕ್ಟರು ಇನ್ನೊಂದು ಸಲ ಹೇಳಿದರು. ಹಳದಿಯೂ ಹೇಳಿದಳು. ಅಳಿಸಿಹೋದ ಹಳೆಯ ಸಂಗತಿಗಳು ಒಂದೊಂದಾಗಿ ಎದ್ದು ಬಂದವು: ಬಚ್ಚಲಿನ ಬಲ್ಬು, ಯಾರದೋ ಮದುವೆಗೆ ತಡವಾದದ್ದು, ಕಳೆದ ಛತ್ರಿ. ಛತ್ರಿ ಬಂದ ಮೇಲೆ ಇಬ್ಬರೂ ಒಟ್ಟಿಗೆ ಬಾಯಿ ಮುಚ್ಚಿದರು. ಡಾಕ್ಟರು ತಿರುಗಿ ಫ್ರಿಜ್ಜಿನ ಕಡೆ ಮುಖ ಮಾಡಿ ನಿಂತರು, ಟೇಪಿನ ಗೆರೆಯ ಒಳಗೇ. ಹಳದಿಯೋ ಗೋಡೆಯ ಕಡೆ ಮುಖ ಮಾಡಿ ಸ್ಟೂಲಿನ ಮೇಲೆ ಕೂತಳು. ಎದುರಿಗೆ ಬೆಂಕಿ ಬಿದ್ದರೆ ಏನು ಮಾಡಬೇಕು ಎಂಬ ಫಲಕವಿತ್ತು. ಅದನ್ನು ಅವಳು ಮೇಲಿನಿಂದ ಕೆಳಕ್ಕೂ ಕೆಳಗಿನಿಂದ ಮೇಲಕ್ಕೂ ಓದಿದಳು.

ಗಡಿಯಾರದ ಮುಳ್ಳು ಕಾಲು ಗಂಟೆ ದಾಟಿತು. ಬಿಳಿಪುಡಿಗೆ ಕೆಮ್ಮು ಬಂತು, ಅದನ್ನೂ ನುಂಗಿಕೊಂಡ. ಕೊನೆಗೆ ತಡೆಯಲಾರದೆ ಹೋದವರು ಮೇಡಂ. "ಸಾಕಮ್ಮ, ಸಲ್ಫೈಡ್ ಹಾಕು," ಎಂದರು.

ಹಳದಿ ಬಂದು ಬೀಕರನ್ನು ನೋಡದೆಯೇ ಹನಿಸಿದಳು. ಆಮೇಲೆ ನೋಡಿದಳು.

ಕಿತ್ತಳೆಯಲ್ಲ. ನಿಂಬೆಯೂ ಅಲ್ಲ. ಬಾಳೆಹಣ್ಣಿನ ಸಿಪ್ಪೆಯಂಥ ಬಣ್ಣ. ಎರಡು ತಿಂಗಳಲ್ಲಿ ಮೊದಲ ಸಲ ಅದು ಸರಿಯಾದ ದಿಕ್ಕಿಗೆ ಹೆಜ್ಜೆ ಇಟ್ಟಿತ್ತು.

ಅವಳು ಬೀಕರನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಕೋಪ ಇನ್ನೂ ಇಳಿದಿರಲಿಲ್ಲ, ಆದರೆ ತಲೆ ತನ್ನ ಪಾಡಿಗೆ ಕೆಲಸ ಶುರು ಮಾಡಿತು. ಈ ಸಲ ಬೇರೆ ಏನಿತ್ತು? ಬೈಗುಳವೇ? ದ್ರಾವಣಕ್ಕೆ ಕಿವಿಯಿಲ್ಲ. ಸ್ಟಿರರ್ ಆರಿಸಿದ್ದೆ. ಆರಿಸಿ, ಆಮೇಲೆ ಸುಮ್ಮನೆ ಕೂತೆ. ನಾನು ಸುಮ್ಮನೆ ಕೂತಷ್ಟು ಹೊತ್ತು ಅದೂ ಸುಮ್ಮನೆ ಕೂತಿತ್ತು. ಅಲುಗಾಡದೆ ಕೂತದ್ದರಿಂದ ಗೂಡುಗಳು ಗಟ್ಟಿಯಾದವು, ಆಮೇಲೆ ಹೋದ ಸಲ್ಫೈಡ್ ಒಂದೊಂದು ಗೂಡಿನಲ್ಲಿ ಸಿಕ್ಕಿಕೊಂಡಿತು. ತಿರುಗಿಸುತ್ತಲೇ ಹಾಕಿದಾಗಲೆಲ್ಲ ಗೂಡು ಕಟ್ಟುವ ಮೊದಲೇ ಕಣಗಳು ಒಟ್ಟು ಸೇರಿ ಉಂಡೆ ಕಟ್ಟಿದ್ದವು. ಅವತ್ತೂ ಫೋನು ಕೇಳಿಸಲೆಂದು ಸ್ಟಿರರ್ ಆರಿಸಿದ್ದು ಈಗ ನೆನಪಾಯಿತು.

ಅವರೆಲ್ಲ ಜಗಳವೆಂದರೆ ಮಾತು ಎಂದುಕೊಂಡು ಮಾತನ್ನಷ್ಟೇ ಅಳೆದಿದ್ದರು. ಮುನಿಸನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಅವಳು ಮೇಡಂಗೆ ಹೇಳಿದಳು. ಮೇಡಂ ಕನ್ನಡಕವನ್ನು ಹಣೆಗೇರಿಸಿ, ಮತ್ತೆ ಇಳಿಸಿದರು. "ಇವತ್ತು ನಾನು ಬೇಗ ತಡೆದುಬಿಟ್ಟೆ. ಇನ್ನೂ ಹೊತ್ತು ಬೇಕಿತ್ತು. ಎಷ್ಟು? ತೀರಾ ಜಾಸ್ತಿ ಆದ್ರೆ ಜೆಲ್ ಗಟ್ಟಿಯಾಗಿ ಸಲ್ಫೈಡ್ ಒಳಗೇ ಹೋಗಲ್ಲ."

"ಗೊತ್ತು ಮೇಡಂ."

"ಒಂದೇ ಸಲಕ್ಕಾಗುವಷ್ಟು ಇದೆ ಅಲ್ವಾ? ಅವತ್ತು ಎಷ್ಟು ಹೊತ್ತು ಬಿಟ್ಟಿದ್ದೆ?"

ಮಾತು ಅಲ್ಲಿಗೆ ಬಂದು ನಿಂತಿತು. ಎರಡು ನಿಮಿಷವೆಂದು ಅವಳೇ ಎಲ್ಲರ ಮುಂದೆ ಹೇಳಿದ್ದಳು. ಎರಡು ನಿಮಿಷಕ್ಕೆ ಈ ಬಣ್ಣದ ಹತ್ತಿರವೂ ಬರಲು ಸಾಧ್ಯವಿರಲಿಲ್ಲ. ನೆನಪು ಮಾಡಿಕೊಂಡರೆ ಬೆಂಕಿಯ ಫಲಕ ಅವತ್ತೂ ಎದುರಿಗಿತ್ತು. ಫೋನು ಬಡಿದುಕೊಂಡದ್ದೂ ನೆನಪಿತ್ತು, ಒಂದು ಸಲವಲ್ಲ. ಮೇಡಂಗೆ ಯಾರೋ ಮಾಡುತ್ತಿರಬೇಕು ಎಂದುಕೊಂಡು ಎತ್ತಿರಲಿಲ್ಲ. ಮೇಡಂಗೆ ಆ ಫೋನಿಗೆ ಯಾರೂ ಮಾಡುವುದಿಲ್ಲವೆಂಬುದು ಅವತ್ತೂ ಅವಳಿಗೆ ಗೊತ್ತಿತ್ತು. ಎಷ್ಟು ಹೊತ್ತು ಕೂತಿದ್ದಳೆಂದು ತಿಳಿದ ಮನುಷ್ಯ ಒಬ್ಬರೇ. ಅವರು ಫ್ರಿಜ್ಜಿನ ಮೇಲೆ ಅಂಟಿಸಿದ್ದ ಅಪಾಯದ ಚಿತ್ರಗಳನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

ಹಳದಿ ಆ ದೀಪದ ಕಡೆ ನೋಡಿದಳು. ಬಿಳಿಪುಡಿಯ ಕಡೆ ನೋಡಿದಳು. ಟೈಟಾನಿಯಂ ಅರೆಯುವ ಒರಳನ್ನೂ ನೋಡಿದಳು.

"ರೀ," ಎಂದಳು.

"ಏನು?"

"ಅವತ್ತು ಫೋನ್ ಮಾಡಿದ್ದು ನೀವೇ."

ಡಾಕ್ಟರು ತಿರುಗಲಿಲ್ಲ. "ಕೇಳಿಸ್ಲಿಲ್ಲ."

"ಈಗ ಸ್ಟಿರರ್ ಆಫ್ ಇದೆ, ಕೇಳಿಸುತ್ತೆ. ನೀವೇ ಮಾಡಿದ್ದು. ನಾನು ಎತ್ತಲಿಲ್ಲ. ಮುನಿಸ್ಕೊಂಡು ಕೂತಿದ್ದೆ." ಬಿಳಿಪುಡಿ ಎಲ್ಲಿ ನಗುತ್ತಾನೋ ಎಂದು ಅವಳು ಅವನನ್ನು ದುರುಗುಟ್ಟಿ ನೋಡಿದಳು. "ಎಷ್ಟು ಹೊತ್ತು ಕೂತಿದ್ದೆ ಅಂತ ಹೇಳಿ."

ಡಾಕ್ಟರು ನಿಧಾನವಾಗಿ ತಿರುಗಿದರು. ಆ ಪ್ರಶ್ನೆಯನ್ನು ಅವರು ಬಾಯಲ್ಲಿಟ್ಟುಕೊಂಡು ಚಪ್ಪರಿಸುತ್ತಿರುವಂತೆ ಕಂಡಿತು.

"ನೀನು ಫೋನ್ ಕುಕ್ಕಿದ ಮೇಲೆ ನಾನೊಂದು ಹಲ್ಲು ಕಿತ್ತೆ. ಕಿತ್ತು ಬಂದು ಫೋನ್ ಮಾಡ್ದೆ, ಎತ್ತಲಿಲ್ಲ. ಇನ್ನೊಬ್ಬರಿಗೆ ಹುಳುಕು ಕೊರೆದು ಸಿಮೆಂಟ್ ತುಂಬಿದೆ. ಬಂದು ಮಾಡ್ದೆ, ಎತ್ತಲಿಲ್ಲ. ಆಮೇಲೆ ಒಂದು ಮಗು. ಬಾಯೇ ತೆರೀಲಿಲ್ಲ ಅದು. ಅದರ ಜೊತೆ ರಾಜಿ ಆದ ಮೇಲೆ ಮತ್ತೆ ಮಾಡ್ದೆ. ಆಗ ಎತ್ತಿ, 'ಏನು' ಅಂದೆ."

"ನಿಮಿಷದಲ್ಲಿ ಹೇಳಿ ಡಾಕ್ಟ್ರೇ," ಎಂದರು ಮೇಡಂ.

"ಕೀಳೋದು ಹತ್ತು. ಸಿಮೆಂಟ್ ಇಪ್ಪತ್ತು. ಮಗು..." ಅವರು ಸೀಲಿಂಗ್ ನೋಡಿದರು. "ಮಗು ಹದಿನೈದು. ಅವರಮ್ಮ ಒಳಗೆ ಬರದಿದ್ರೆ ಹತ್ತಕ್ಕೇ ಮುಗೀತಿತ್ತು."

"ಮುಕ್ಕಾಲು ಗಂಟೆ," ಎಂದು ಬಿಳಿಪುಡಿ ಭಕ್ತಿಯಿಂದ ಹೇಳಿದ. "ಅಕ್ಕ, ಮುಕ್ಕಾಲು ಗಂಟೆ."

"ಕೂಡೋಕೆ ನನಗೂ ಬರುತ್ತೆ," ಎಂದಳು ಹಳದಿ.

ಉಳಿದದ್ದನ್ನೆಲ್ಲ ಅವಳು ಬೀಕರಿಗೆ ಸುರಿದು, ಬೆರೆಸಿ, ಸ್ಟಿರರ್ ಆರಿಸಿದಳು. ಜಗಳವಿಲ್ಲದೆ ಮುಕ್ಕಾಲು ಗಂಟೆ ಸುಮ್ಮನೆ ಕೂರುವುದು ಎಷ್ಟು ಕಷ್ಟವೆಂದು ನಾಲ್ವರಿಗೂ ಅವತ್ತೇ ಗೊತ್ತಾದದ್ದು. ಬೆಂಚು ಅಲುಗಾಡೀತೆಂದು ಯಾರೂ ಓಡಾಡುವಂತಿರಲಿಲ್ಲ. ಬಿಳಿಪುಡಿ ಮೆಲ್ಲಗೆ ತನ್ನ ಕಡೆಯ ದವಡೆಹಲ್ಲೊಂದನ್ನು ಡಾಕ್ಟರಿಗೆ ತೋರಿಸಿದ. ಡಾಕ್ಟರು ಅಲ್ಲಿದ್ದ ಟಾರ್ಚಿನಲ್ಲೇ ನೋಡಿ, ಸಿಹಿ ಕಡಿಮೆ ಮಾಡು ಎಂದರು. ಅದನ್ನು ನೋಡಿ ಮೇಡಂ ಕೂಡ ಬಾಯಿ ತೆರೆದರು.

ಹೊತ್ತು ತುಂಬಿದಾಗ ಹಳದಿ ಡ್ರಾಪರ್ ಎತ್ತಿಕೊಂಡಳು. ಮೊದಲ ಹನಿ ಜೆಲ್ಲಿನ ಮೇಲೆ ನಿಂತು, ಯೋಚಿಸಿ, ಒಳಗಿಳಿಯಿತು. ಅದರ ಹಿಂದೆಯೇ ಬಣ್ಣ ಹರಡಿತು. ತಿಳಿ, ಇನ್ನೂ ತಿಳಿ, ಕೊಯ್ದಿಟ್ಟ ನಿಂಬೆಹೋಳಿನ ಬಣ್ಣ.

ಮೇಡಂ ಬೀಕರಿನ ಮುಂದೆ ಬಗ್ಗಿ ಬಹಳ ಹೊತ್ತು ನೋಡಿದರು. ಅವರ ತುಟಿ ಆ ಹಳೆಯ ಮಾತಿಗೆ ಸಿದ್ಧವಾದದ್ದು ಎಲ್ಲರಿಗೂ ಕಂಡಿತು. ಆದರೆ ಬಾಟಲಿ ಖಾಲಿಯಾಗಿತ್ತು. "ಒಣಗಿಸು," ಎಂದರು. "ಗುಳ್ಳೆ ಬಂದ್ರೆ ದೀಪ ನಿನ್ನ ಹತ್ರವೇ ಇರಲಿ."

ಮೂರನೆಯ ದಿನ ಗುಳ್ಳೆ ಬಂತು. ನಿಲ್ಲದೆ ಬಂತು. ಬಿಳಿಪುಡಿ ತನಗೆ ಸಿಗದ ದೀಪದ ಲೆನ್ಸನ್ನು ತಾನೇ ಒರೆಸಿಕೊಟ್ಟ.

ಪ್ರಬಂಧ ಬರೆಯುವಾಗ ಹಳದಿ ಆ ಇಡೀ ಸಂಗತಿಯನ್ನು ಒಂದು ವಾಕ್ಯಕ್ಕೆ ಇಳಿಸಿದಳು: ದ್ರಾವಣವನ್ನು ಅಲುಗಾಡಿಸದೆ ನಲವತ್ತೈದು ನಿಮಿಷ ಬಿಡಲಾಯಿತು. ಯಾರು ಬಿಟ್ಟರು, ಯಾಕೆ ಬಿಟ್ಟರು ಎಂಬುದನ್ನು ವಿಜ್ಞಾನ ಕೇಳುವುದಿಲ್ಲ. ಡಾಕ್ಟರು ಅದನ್ನು ಓದಿ, ಕೊನೆಯಲ್ಲಿ ಧನ್ಯವಾದ ಹೇಳುವ ಕಡೆ ತಮ್ಮದೂ ಒಂದು ಸಾಲು ಇರಬೇಕೆಂದು ಹಟ ಹಿಡಿದರು.

"ಹಾಕೋಣ ಡಾಕ್ಟ್ರೇ," ಎಂದರು ಮೇಡಂ. "ಆದ್ರೆ ಯಾವುದಕ್ಕೆ ಅಂತ ಬರೀಬೇಕಲ್ಲ. ಜಗಳಕ್ಕೆ ಅಂತ ಬರೆಯೋಕಾಗಲ್ಲ."

ಡಾಕ್ಟರು ಹೆಂಡತಿಯ ಕಡೆ ನೋಡಿದರು. "ಮೂರು ಸಲ ಫೋನ್ ಮಾಡಿದ್ದಕ್ಕೆ ಅಂತ ಬರೀರಿ."

ಹಳದಿ ತಲೆ ಎತ್ತದೆ ಅದನ್ನು ಬರೆದುಕೊಂಡಳು.